ಬೆನ್ನ ಹಿಂದಿನ ಊರು

ಮನುಷ್ಯನಿಗೆ ತನ್ನ ಮುಖದ ಮೇಲೆ ಎಷ್ಟು ಮೋಹವೋ ತನ್ನ ಊರಿನ ಮೇಲೂ ಅಷ್ಟೇ ಮೋಹ. ಆದರೆ ಈ ಎರಡು ಮೋಹಗಳ ನಡುವೆ ಒಂದು ವ್ಯತ್ಯಾಸವುಂಟು. ಮುಖವನ್ನು ಪರರಿಗೆ ತೋರಿಸಬೇಕಾದಾಗ ಆತ ತೊಳೆದು, ಒರೆಸಿ, ತಲೆ ಬಾಚಿಯಾದರೂ ಕಡೆಗೆ ತನ್ನ ಮುಖವನ್ನೇ ತೋರಿಸುತ್ತಾನೆ. ಊರನ್ನು ತೋರಿಸಬೇಕಾದಾಗ ಮಾತ್ರ ತಾನು ದಿನವೂ ನಡೆದಾಡುವ ಬೀದಿಯನ್ನು ಮರೆಮಾಡಿ, ವರ್ಷಕ್ಕೊಮ್ಮೆಯೂ ಕಾಲಿಡದ ಅರಮನೆಯನ್ನೋ ಉದ್ಯಾನವನ್ನೋ ಮುಂದೊಡ್ಡುತ್ತಾನೆ. ನೆಂಟರಿಗೆ ಸ್ವಂತ ಫೋಟೋ ಕಳುಹಿಸುವ ಬದಲು ಪಕ್ಕದ ಮನೆಯ ಚೆಲುವನ ಫೋಟೋ ಕಳುಹಿಸುವವನನ್ನು ಲೋಕ ಹುಚ್ಚನೆನ್ನುತ್ತದೆ. ಊರಿನ ವಿಷಯದಲ್ಲಿ ಅದೇ ಕೆಲಸ ಮಾಡಿದವನನ್ನು ರಸಿಕನೆನ್ನುತ್ತದೆ.

ಬಸವನಗುಡಿಯ ರಾಯರು ಇಂಥ ರಸಿಕರಲ್ಲೊಬ್ಬರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಕೈಗೆ ಎರಡು ವಸ್ತುಗಳು ಒಟ್ಟಿಗೆ ಬಂದುವು: ಒಂದು, ಹೇರಳವಾದ ಬಿಡುವು, ಇನ್ನೊಂದು, ಮಗಳು ಟೊರಾಂಟೊದಿಂದ ತಂದುಕೊಟ್ಟ ಮೊಬೈಲು. ಅಂದಿನಿಂದ ಮನೆಯವರ ವಾಟ್ಸಾಪ್ ಬಳಗದಲ್ಲಿ ಚಿತ್ರಗಳ ಸುರಿಮಳೆ ಮೊದಲಾಯಿತು. ಇಲ್ಲಿಂದ ರಾಯರು ಲಾಲ್‌ಬಾಗಿನ ಗಾಜಿನ ಮನೆಯನ್ನು ಕಳುಹಿಸಿದರೆ ಅಲ್ಲಿಂದ ಮಗಳು 553 ಮೀಟರು ಎತ್ತರದ ಸಿ. ಎನ್. ಗೋಪುರವನ್ನು ಕಳುಹಿಸುವಳು. ಇವರು ದೀಪಾಲಂಕೃತವಾದ ವಿಧಾನಸೌಧವನ್ನು ರವಾನಿಸಿದರೆ ಅವಳು ನಯಾಗರಾ ಜಲಪಾತವನ್ನು ಉತ್ತರವಾಗಿ ಒಪ್ಪಿಸುವಳು. ಎರಡು ಸಂಸ್ಥಾನಗಳು ಪರಸ್ಪರ ಕಾಣಿಕೆ ಕಳುಹಿಸಿಕೊಂಡಂತೆ ಈ ವಿನಿಮಯ ಗೌರವದಿಂದ ಸಾಗುತ್ತಿತ್ತು.

ಆ ಮನೆಯಲ್ಲಿ ಇವನ್ನೆಲ್ಲ ನೋಡಲೇಬೇಕಾದ ಪ್ರೇಕ್ಷಕರೊಬ್ಬರಿದ್ದರು. ಅವರೇ ರಾಯರ ತಾಯಿ. ವಯಸ್ಸು ಎಂಬತ್ತು ದಾಟಿದ್ದರೂ ಕಣ್ಣು ಚುರುಕು. ಸಂಜೆಯ ದೀಪ ಹಚ್ಚಿದ ಮೇಲೆ ರಾಯರು ಮೊಬೈಲನ್ನು ಅವರ ಮುಂದೆ ಹಿಡಿಯುವರು. ಅಜ್ಜಿ ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿ, "ಚೆನ್ನಾಗಿದೆ" ಎನ್ನುವರು. ಗುರುತಿಲ್ಲದವರ ಮದುವೆಯ ಆಲ್ಬಮ್ಮನ್ನು ಮಗುಚಿಹಾಕುವವರು ಹೇಳುವ "ಚೆನ್ನಾಗಿದೆ" ಅದು. ನಯಾಗರಾಕ್ಕೂ ಅದೇ ಮಾತು, ವಿಧಾನಸೌಧಕ್ಕೂ ಅದೇ ಮಾತು.

ಒಂದು ಜನವರಿಯ ರಾತ್ರಿ ಈ ರಾಜಮರ್ಯಾದೆಗೆ ಭಂಗ ಬಂತು. ಮಗಳು ಯಾವುದೋ ಚಿತ್ರ ಕಳುಹಿಸಲು ಹೋಗಿ ಬೇರಾವುದನ್ನೋ ಕಳುಹಿಸಿಬಿಟ್ಟಿದ್ದಳು. ಅದರಲ್ಲಿ ನೋಡತಕ್ಕದ್ದು ಏನೂ ಇರಲಿಲ್ಲ. ನೀರಾವಿ ಕವಿದ ಒಂದು ಕಿಟಕಿ, ಅದರಾಚೆ ಹಿಮ ತುಂಬಿದ ಇಕ್ಕಟ್ಟಾದ ಹಿತ್ತಿಲು, ಮರದ ಬೇಲಿ, ಕಸದ ದೊಡ್ಡ ಡಬ್ಬಿ, ಪಕ್ಕದ ಮನೆಯ ಯಾವುದೋ ಮಗು ಬಿಟ್ಟುಹೋದ ಮೂರು ಚಕ್ರದ ಸೈಕಲ್ಲಿನ ಹಿಡಿ ಮಾತ್ರ ಹಿಮದಿಂದ ಮೇಲೆದ್ದು ಕಾಣುತ್ತಿತ್ತು. ರಾಯರು "ತಪ್ಪಿ ಬಂದಿದೆ" ಎಂದು ಅದನ್ನು ಸರಿಸಲು ಹೋದರು. ಅಜ್ಜಿ ಅವರ ಕೈ ಹಿಡಿದರು.

"ತಡೆಯೋ. ಇದು ಅವಳ ಅಡಿಗೆಮನೆ ಕಿಟಕಿಯೇನೋ?"

"ಇರಬಹುದಮ್ಮ."

"ಹಾಗಾದರೆ ಪಾತ್ರೆ ತೊಳೆಯುವಾಗ ಅವಳಿಗೆ ದಿನಾ ಕಾಣೋದು ಇದೇ."

ಆ ಚಿತ್ರವನ್ನು ಅಜ್ಜಿ ಬಹಳ ಹೊತ್ತು ನೋಡಿದರು. ಮೊಮ್ಮಗಳು ಸಮುದ್ರದಾಚೆಗೆ ಹೋಗಿ ಆರು ವರ್ಷಗಳಾಗಿದ್ದುವು. ಆ ಆರು ವರ್ಷಗಳಲ್ಲಿ ಅವಳು ಎಲ್ಲಿ ಹೋಗಿಬಂದಳೆಂಬುದು ಮನೆಯವರಿಗೆಲ್ಲ ತಿಳಿದಿತ್ತು. ಅವಳು ಎಲ್ಲಿದ್ದಾಳೆಂಬುದು ಅಜ್ಜಿಗೆ ತಿಳಿದದ್ದು ಅಂದೇ.

ಅಜ್ಜಿಯ ಈ ಅಭಿರುಚಿಗೆ ಛಾಯಾಗ್ರಹಣದ ಚರಿತ್ರೆಯೇ ಸಾಕ್ಷಿಯಾಗಿ ನಿಲ್ಲುತ್ತದೆ. ಕ್ಯಾಮರಾದಿಂದ ತೆಗೆದು ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಚಿತ್ರ ರಾಜನದೂ ಅಲ್ಲ, ರಾಣಿಯದೂ ಅಲ್ಲ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಎಂಬಾತ 1826ರಲ್ಲೋ 1827ರಲ್ಲೋ ತನ್ನ ಹಳ್ಳಿಮನೆಯ ಮಹಡಿಯ ಕಿಟಕಿಯಲ್ಲಿ ಒಂದು ಪೆಟ್ಟಿಗೆಯನ್ನಿರಿಸಿ, ಡಾಂಬರಿನ ಜಾತಿಯ ಲೇಪ ಬಳಿದ ಲೋಹದ ತಗಡಿನ ಮೇಲೆ ಬೆಳಕು ಬೀಳಲು ಬಿಟ್ಟ. ಚಿತ್ರ ಮೂಡಲು ಗಂಟೆಗಟ್ಟಲೆ ಕಾಲ ಬೇಕಾಯಿತು. ಸೂರ್ಯ ಅಷ್ಟರಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ನಡೆದುದರಿಂದ ಎದುರುಬದುರಿನ ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಿರುವ ವಿಚಿತ್ರವನ್ನು ಆ ಚಿತ್ರದಲ್ಲಿ ಕಾಣಬಹುದು. ಅದರಲ್ಲಿರುವುದಿಷ್ಟೆ: ಮನೆಯ ಮಾಡು, ಪಾರಿವಾಳದ ಗೂಡು, ಒಂದು ಮರ. ಜಗತ್ತಿಗೆ ಹೊಸ ಕಣ್ಣೊಂದು ಮೂಡಿದಾಗ ಅದು ಮೊದಲು ನೋಡಿದ್ದು ಮನೆಯ ಅಂಗಳವನ್ನು.

ಹನ್ನೊಂದು ಹನ್ನೆರಡು ವರ್ಷಗಳ ತರುವಾಯ, 1838ರಲ್ಲಿ, ಲೂಯಿ ದಗೇರ್ ಪ್ಯಾರಿಸ್ಸಿನಲ್ಲಿ ಒಂದು ಎತ್ತರದ ಕಿಟಕಿಯಿಂದ ಕೆಳಗಿನ ಬೀದಿಯನ್ನು ಚಿತ್ರಿಸಿದ. ಗಾಡಿಗಳೂ ಜನರೂ ಕಿಕ್ಕಿರಿಯುವ ಬೀದಿ ಅದು. ಆದರೂ ಚಿತ್ರದಲ್ಲಿ ಅದು ಬರಿದಾಗಿ ಕಾಣುತ್ತದೆ. ಚಿತ್ರ ಮೂಡಲು ಹಲವು ನಿಮಿಷಗಳು ಬೇಕಾಗಿದ್ದುದರಿಂದ ಓಡಾಡುವವರು ಯಾರೂ ಅದರಲ್ಲಿ ನಿಲ್ಲಲಿಲ್ಲ. ಬೀದಿಯ ಮೂಲೆಯಲ್ಲಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದ ಒಬ್ಬ ಸಾಮಾನ್ಯ ಮನುಷ್ಯ ಮಾತ್ರ ಉಳಿದುಕೊಂಡ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯನೆಂದು ಅವನನ್ನು ಲೋಕ ಇಂದು ನೆನೆಯುತ್ತದೆ. ಅವನ ಹೆಸರು ಯಾರಿಗೂ ತಿಳಿಯದು. ತನ್ನ ಬೀದಿಯಲ್ಲಿ ನಾಲ್ಕು ನಿಮಿಷ ನಿಂತದ್ದಷ್ಟೇ ಅವನ ಸಾಧನೆ.

ಹೀಗೆ ಹಿತ್ತಿಲಿನಲ್ಲಿ ಹುಟ್ಟಿದ ಕಲೆ ಹಿತ್ತಿಲನ್ನು ಮರೆತದ್ದು ಹೇಗೆ? ದುಬಾರಿಯಾದುದರಿಂದ ಎಂದು ಹೇಳಬೇಕು. ಹಿಂದಿನ ತಲೆಮಾರಿನ ಅನೇಕ ಮನೆಗಳಲ್ಲಿ ಅಗ್ಫಾ ಕ್ಲಿಕ್ ಎಂಬ ಕಪ್ಪು ಪೆಟ್ಟಿಗೆಯಿರುತ್ತಿತ್ತು. ಅದರ ಫಿಲ್ಮಿನ ಸುರುಳಿಗೆ ಬರುತ್ತಿದ್ದುದು 12 ಚಿತ್ರಗಳು. ಹನ್ನೆರಡರಲ್ಲಿ ನಾಮಕರಣಕ್ಕೆ ನಾಲ್ಕು, ಪ್ರವಾಸಕ್ಕೆ ಆರು, ಅತ್ತೆ ಮಾವಂದಿರಿಗೆ ಎರಡು ಎಂದು ಲೆಕ್ಕ ಹಾಕುವ ಗೃಹಸ್ಥ, ಒಗೆಯುವ ಕಲ್ಲಿಗಾಗಿ ಒಂದನ್ನು ವ್ಯಯ ಮಾಡುವನೇ? ಮನೆ ಎಲ್ಲಿಗೂ ಹೋಗುವುದಿಲ್ಲ, ಬೀದಿ ನಾಳೆಯೂ ಅಲ್ಲಿಯೇ ಇರುತ್ತದೆ ಎಂಬ ಧೈರ್ಯ ಬೇರೆ. ಆದಕಾರಣ ಒಂದೆರಡು ಸಲ ಕಂಡ ಜೋಗದ ಚಿತ್ರ ಪೆಟ್ಟಿಗೆಯಲ್ಲಿ ಹತ್ತಾರು ಇರುತ್ತವೆ. ಮೂವತ್ತು ವರ್ಷ ಬಾಳಿದ ಮನೆಯ ಚಿತ್ರ ಹುಡುಕಿದರೂ ಸಿಗುವುದಿಲ್ಲ.

ಆದರೂ ಮನಸ್ಸು ತನ್ನ ದಾರಿಯನ್ನು ಬಿಟ್ಟುಕೊಡಲಿಲ್ಲ. ಚಿತ್ರದ ಕಾರ್ಡುಗಳು ಅಂಚೆಯಲ್ಲಿ ಓಡಾಡಲು ತೊಡಗಿದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ವಿಳಾಸದ ಬದಿಯಲ್ಲಿ ವಿಳಾಸದ ಹೊರತು ಬೇರೇನನ್ನೂ ಬರೆಯುವಂತಿರಲಿಲ್ಲ. ಒಕ್ಕಣೆಯನ್ನು ಚಿತ್ರದ ಅಂಚಿನಲ್ಲೇ ತುರುಕಬೇಕಾಗಿತ್ತು. 1902ರಲ್ಲಿ ಅಂಚೆಯವರು ಕಾರ್ಡಿನ ಬೆನ್ನನ್ನು ಎರಡು ಪಾಲು ಮಾಡಲು ಒಪ್ಪಿದ ಮೇಲೆ ಬರೆಯಲು ಸ್ಥಳ ದೊರೆಯಿತು. ಅಂಥ ಹಳೆಯ ಕಾರ್ಡುಗಳಲ್ಲಿ ಒಂದು ಪದ್ಧತಿಯನ್ನು ಮತ್ತೆ ಮತ್ತೆ ಕಾಣಬಹುದು. ಭವ್ಯವಾದ ಹೋಟೆಲಿನ ಚಿತ್ರ, ಅದರ ನೂರು ಕಿಟಕಿಗಳಲ್ಲಿ ಒಂದರ ಮೇಲೆ ಶಾಯಿಯ ಗುರುತು, ಕೆಳಗೆ 'ಇದು ನಮ್ಮ ಕೋಣೆ' ಎಂಬ ಒಕ್ಕಣೆ. ಆ ಚಿತ್ರ ಸಾವಿರಾರು ಜನರ ಕೈಗೆ ಹೋಗಿರಬಹುದು; ಶಾಯಿಯ ಆ ಗುರುತು ಒಬ್ಬರಿಗೇ ಸೇರಿದ್ದು. ಹಂಚಿಕೊಂಡದ್ದು ಯಾವುದೆಂದು ಕೇಳಿದರೆ ಹೋಟೆಲೆಂದು ಯಾರು ಹೇಳಿಯಾರು?

ಅಜ್ಜಿಯ ಆಜ್ಞೆಯಂತೆ ಮರುದಿನ ಇಲ್ಲಿಯ ಹಿತ್ತಿಲಿನ ಚಿತ್ರ ಟೊರಾಂಟೊಕ್ಕೆ ಹೋಗಬೇಕೆಂದು ತೀರ್ಮಾನವಾಯಿತು. ರಾಯರು ಬೆಳಗಿನ ಕಾಫಿ ಮುಗಿಸಿ ಕಾರ್ಯಕ್ಕೆ ತೊಡಗಿದರು. ಮೊದಲು ಬಕೆಟ್ಟನ್ನು ಒಳಗಿಟ್ಟರು. ಹಗ್ಗದ ಮೇಲಿನ ಬಟ್ಟೆಗಳನ್ನು ತೆಗೆಸಿದರು. ಮೋಟು ಪೊರಕೆ, ಖಾಲಿ ಗ್ಯಾಸ್ ಸಿಲಿಂಡರು, ಹಳೆಯ ಪತ್ರಿಕೆಗಳ ಕಟ್ಟು ಮರೆಯಾದುವು. ಒಗೆಯುವ ಕಲ್ಲನ್ನು ತೊಳೆದದ್ದಾಯಿತು. ಮುಂಬಾಗಿಲಿನಲ್ಲಿದ್ದ ಕ್ರೋಟನ್ ಗಿಡದ ಕುಂಡವೊಂದು ಹಿತ್ತಿಲಿಗೆ ವರ್ಗವಾಯಿತು. ಒಂದೂವರೆ ಗಂಟೆಯ ಶ್ರಮದ ತರುವಾಯ ಚಿತ್ರ ಹೋಯಿತು. ಉತ್ತರ ತಡವಾಗಲಿಲ್ಲ.

"ಅಪ್ಪಾ, ಇದು ಯಾರ ಮನೆ?"

ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: "ಕಲ್ಲಿನ ಪಕ್ಕದ ನೀಲಿ ಬಕೆಟ್ ಏನಾಯ್ತು? ಹಗ್ಗದ ಮೇಲೆ ಅಜ್ಜಿ ಸೀರೆ ಯಾಕಿಲ್ಲ?"

ರಾಯರ ಪತ್ನಿ ಸೆರಗಿನ ಮರೆಯಲ್ಲಿ ನಕ್ಕರು. ಬಕೆಟ್ಟು ಮತ್ತೆ ತನ್ನ ಸ್ಥಾನಕ್ಕೆ ಬಂತು. ಸೀರೆ ಹಗ್ಗಕ್ಕೇರಿತು. ಎರಡನೆಯ ಚಿತ್ರವನ್ನು ಮಗಳು ಒಪ್ಪಿದಳು.

ಮಗಳ ಈ ಹಟವನ್ನು ಚಾಪಲ್ಯವೆಂದು ತಳ್ಳಿಹಾಕುವಂತಿಲ್ಲ. 2020ರ ಮಾರ್ಚಿಯಲ್ಲಿ ಮಹಾಮಾರಿಗೆ ಅಂಜಿ ಲೋಕವೇ ಬಾಗಿಲು ಹಾಕಿಕೊಂಡಾಗ, ಆಮ್‌ಸ್ಟರ್‌ಡಾಮಿನಲ್ಲಿ ನೆಲೆಸಿದ್ದ ಬಾರ್ಬರಾ ದ್ಯುರಿಯೊ ಎಂಬ ಬೆಲ್ಜಿಯಂ ಮಹಿಳೆ ಫೇಸ್‌ಬುಕ್ಕಿನಲ್ಲಿ ಒಂದು ಬಳಗವನ್ನು ಆರಂಭಿಸಿದಳು. 'ನನ್ನ ಕಿಟಕಿಯ ನೋಟ' ಎಂಬುದು ಅದರ ಹೆಸರಿನ ಅರ್ಥ. ಕೆಲವು ತಿಂಗಳುಗಳಲ್ಲೇ ಇಪ್ಪತ್ತು ಲಕ್ಷಕ್ಕೂ ಮೀರಿ ಜನ ಅದನ್ನು ಸೇರಿದರು. ಹೊರಗೆ ಹೋಗುವಂತಿಲ್ಲದ ಆ ದಿನಗಳಲ್ಲಿ ಒಬ್ಬರಿಗೊಬ್ಬರು ತೋರಿಸಿಕೊಳ್ಳಲು ಇದ್ದುದು ತಂತಮ್ಮ ಕಿಟಕಿಯೊಂದೇ. ಒಬ್ಬರದು ಕಡಲಿನತ್ತ ತೆರೆದಿದ್ದರೆ ಇನ್ನೊಬ್ಬರದು ಎದುರು ಮನೆಯ ಗೋಡೆಯತ್ತ. ಗೋಡೆಯನ್ನು ತೋರಿಸಲು ನಾಚದವರನ್ನು ಕಂಡು ಇತರರಿಗೂ ಧೈರ್ಯ ಬಂತು.

ಇದಕ್ಕೂ ಮೊದಲೇ, 2005ರಲ್ಲಿ, ಬ್ರಿಟನ್ ಮತ್ತು ಐರ್ಲೆಂಡಿನ ಹವ್ಯಾಸಿಗಳು ಇನ್ನೂ ವ್ಯವಸ್ಥಿತವಾದ ಸಾಹಸಕ್ಕೆ ಕೈಹಾಕಿದ್ದರು. ಭೂಪಟದಲ್ಲಿ ತಮ್ಮ ದ್ವೀಪಗಳನ್ನು ಒಂದೊಂದು ಚದರ ಕಿಲೋಮೀಟರಿನ ಮನೆಗಳಾಗಿ ಗೆರೆ ಹಾಕಿ, ಪ್ರತಿಯೊಂದು ಮನೆಗೂ ಅದನ್ನು ಪ್ರತಿನಿಧಿಸುವ ಚಿತ್ರವೊಂದಾದರೂ ಇರಬೇಕೆಂದು ಸಂಕಲ್ಪಿಸಿದರು. 'ಜಿಯೋಗ್ರಾಫ್' ಎಂಬುದು ಆ ಯೋಜನೆಯ ಹೆಸರು. ಕೋಟೆಯಿರುವ ಮನೆಗೂ ಬರಿಯ ಗದ್ದೆಯಿರುವ ಮನೆಗೂ ಅಲ್ಲಿ ಸಮಾನ ಸ್ಥಾನ. ಬಸ್ಸಿನ ತಂಗುದಾಣ, ಬೇಲಿಯ ಗೇಟು, ಕೆಸರಿನ ಕಾಲುದಾರಿ ಎಲ್ಲಕ್ಕೂ ಅಲ್ಲಿ ಪ್ರವೇಶವುಂಟು. ಅಂದವಾದದ್ದನ್ನು ಆರಿಸುವ ಬದಲು ಇರುವುದನ್ನು ಬಿಡದೆ ನೋಡುವ ಶ್ರದ್ಧೆ ಅದು.

ಬಸವನಗುಡಿಯ ಮನೆಯಲ್ಲಿ ಆ ಶ್ರದ್ಧೆ ಬೇರೊಂದು ಗಾಯವನ್ನು ಮುಟ್ಟಿತು. ಹಿತ್ತಿಲಿನ ಚಿತ್ರ ಹೋದ ಸಂಜೆ ಅಜ್ಜಿ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು: "ನಮ್ಮ ತವರಿನ ಹಿತ್ತಿಲದು ಹೀಗೆ ಒಂದಾದರೂ ಪಟ ಇದ್ದಿದ್ದರೆ!"

ಅಜ್ಜಿಯ ತವರು ಸಾಗರದ ಸೀಮೆಯಲ್ಲಿ ಶರಾವತಿಯ ದಂಡೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಮನೆ, ತೋಟ, ಗದ್ದೆ, ದೇವಸ್ಥಾನಗಳೊಡನೆ ಮುಳುಗಿದ ಅನೇಕ ಊರುಗಳಲ್ಲಿ ಅದೂ ಒಂದು. ಆಗ ಅಜ್ಜಿಗೆ ಇಪ್ಪತ್ತು ವರ್ಷ. ಮದುವೆಯಾಗಿ ಬೆಂಗಳೂರಿಗೆ ಬಂದು ವರ್ಷವಾಗಿರಲಿಲ್ಲ. ಮುಂದೆ ಈ ನಗರದ ಬೀದಿದೀಪಗಳು ಬೆಳಗಿದುದರಲ್ಲಿ ಶರಾವತಿಯ ಪಾಲು ದೊಡ್ಡದು. ಲೋಕಕ್ಕೆ ಬೆಳಕಾಯಿತೆಂಬುದು ಅಜ್ಜಿಗೆ ತಿಳಿಯದ ಸಂಗತಿಯಲ್ಲ. ಅವರು ಯಾರನ್ನೂ ದೂರಿದವರಲ್ಲ. ಆದರೆ ಬೀದಿದೀಪ ಹೊತ್ತಿಕೊಳ್ಳುವ ಹೊತ್ತಿಗೆ ಕಿಟಕಿಯ ಬಳಿ ಒಂದು ಗಳಿಗೆ ಸುಮ್ಮನೆ ನಿಲ್ಲುವುದು ಅವರ ರೂಢಿ.

ಕೆಲವು ವರ್ಷಗಳ ಹಿಂದೆ ರಾಯರು ತಾಯಿಯನ್ನು ಆ ಕಡೆಗೆ ಕರೆದುಕೊಂಡು ಹೋಗಿದ್ದರು. 2025ರ ಜುಲೈಯಲ್ಲಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ತೆರೆಯುವವರೆಗೆ ಆಚೆ ದಡ ಸೇರಲು ಲಾಂಚೇ ಗತಿ. ಲಾಂಚಿನಲ್ಲಿದ್ದವರೆಲ್ಲ ಸೂರ್ಯಾಸ್ತದ ಚಿತ್ರ ತೆಗೆಯುವುದರಲ್ಲಿ ತೊಡಗಿದ್ದರು. ನೀರಿನಿಂದ ತಲೆಯೆತ್ತಿ ನಿಂತ ಸತ್ತ ಮರಗಳ ಬೊಡ್ಡೆಗಳು ಬಂಗಾರದ ಬೆಳಕಿನಲ್ಲಿ ಅಪೂರ್ವವಾಗಿ ಕಾಣುತ್ತಿದ್ದುವು. ರಾಯರೂ ತೆಗೆದರು. ಆ ಚಿತ್ರಕ್ಕೆ ಬಳಗದಲ್ಲಿ ಬಂದಷ್ಟು ಮೆಚ್ಚುಗೆ ಇನ್ನಾವುದಕ್ಕೂ ಬಂದಿರಲಿಲ್ಲ. ಅಜ್ಜಿ ಮಾತ್ರ ಅದನ್ನು ನೋಡಿ "ಚೆನ್ನಾಗಿದೆ" ಎಂದಿದ್ದರು. ಎಲ್ಲರೂ ನೀರನ್ನು ನೋಡುತ್ತಿದ್ದಾಗ ಅವರು ನೀರಿನ ಅಡಿಯನ್ನು ಹುಡುಕುತ್ತಿದ್ದರೆಂಬುದು ರಾಯರಿಗೆ ಹೊಳೆದದ್ದು ಈಗ.

ರಾಯರು ನೆಂಟರಿಗೆಲ್ಲ ಫೋನು ಮಾಡತೊಡಗಿದರು. ತವರಿನ ಕಡೆಯ ಯಾವುದಾದರೂ ಹಳೆಯ ಫೋಟೋ ಇದೆಯೇ? ವಾರದ ಮೇಲೆ ಶಿವಮೊಗ್ಗದಲ್ಲಿರುವ ಸೋದರಮಾವನ ಮಗ ಒಂದನ್ನು ಹುಡುಕಿ, ಮೊಬೈಲಿನಲ್ಲಿ ಅದರ ಪ್ರತಿ ತೆಗೆದು ಕಳುಹಿಸಿದ. ಅಜ್ಜಿಯ ಅಕ್ಕನ ಮದುವೆಯ ಗುಂಪಿನ ಫೋಟೋ ಅದು. ಸಾಗರದಿಂದ ಬಂದ ಛಾಯಾಗ್ರಾಹಕ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತೆಗೆದದ್ದು. ಮುಖಗಳು ಸ್ಪಷ್ಟವಾಗಿದ್ದುವು. ಅಜ್ಜಿ ಒಂದೊಂದೇ ಮುಖವನ್ನು ಗುರುತಿಸಿದರು. ಬಳಿಕ ಅವರ ಬೆರಳು ಚಿತ್ರದ ಎಡ ಅಂಚಿಗೆ ಬಂದು ನಿಂತಿತು.

"ಇಲ್ಲಿಂದ ಆಚೆ ಎಲ್ಲಿ ಹೋಯ್ತೋ?"

ವಿಚಾರಿಸಲಾಗಿ, ಅಂಚಿನಲ್ಲಿ ಕಲೆಗಳಿದ್ದುವೆಂದೂ ಅಲ್ಲಿ ಜನ ಯಾರೂ ಇರಲಿಲ್ಲವೆಂದೂ, ಆದ್ದರಿಂದ ಬೇಡದ ಭಾಗವನ್ನು ಕತ್ತರಿಸಿ ಕಳುಹಿಸಿದೆನೆಂದೂ ಉತ್ತರ ಬಂತು. ಆ ಬೇಡದ ಭಾಗವೇ ಬೇಕೆಂದು ರಾಯರು ಹೇಳಬೇಕಾಯಿತು. ಮರುದಿನ ಚಿತ್ರ ಪೂರ್ತಿಯಾಗಿ ಬಂತು.

ಬೀಗರ ಭುಜಗಳ ಹಿಂದೆ, ಚಪ್ಪರದ ಕಂಬದ ಎಡಕ್ಕೆ, ಎರಡಂಗುಲದಷ್ಟು ಊರು ಉಳಿದುಕೊಂಡಿತ್ತು. ಜಗಲಿಯ ಕೊನೆ, ಅರ್ಧ ತುಳಸಿಕಟ್ಟೆ, ತೋಟಕ್ಕಿಳಿಯುವ ಕಲ್ಲಿನ ಮೆಟ್ಟಿಲುಗಳು ಮೂರು, ಆಚೆ ಮಸುಕಾಗಿ ಅಡಿಕೆಮರಗಳ ಸಾಲು, ಕಂಬದ ಮರೆಯಲ್ಲಿ ಒಂದು ಕರುವಿನ ಹಿಂಭಾಗ. ಛಾಯಾಗ್ರಾಹಕ ಇದಾವುದನ್ನೂ ತೆಗೆಯಬೇಕೆಂದು ತೆಗೆದವನಲ್ಲ. ಅವು ಕರೆಯದೆ ಬಂದು ಹಿಂದೆ ನಿಂತುವು. ಅಜ್ಜಿ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮೆಟ್ಟಿಲು ಹದಿನಾಲ್ಕಿತ್ತು" ಎಂದರು. ಆಮೇಲೆ ಮಾತು ನಿಲ್ಲಲಿಲ್ಲ. ನಾಲ್ಕನೆಯ ಮೆಟ್ಟಿಲಿನ ಕಲ್ಲು ಅಲುಗಾಡುತ್ತಿತ್ತು. ಕೆಳಗೆ ಬಲಕ್ಕೆ ತಿರುಗಿದರೆ ನೀರಿನ ಹರಣಿ. ಆ ಕರು ಗೌರಿ ಎಂಬ ಹಸುವಿನದು. ರಾಯರು ಕಾಗದ ತಂದು, ಬ್ಯಾಂಕಿನ ದಫ್ತರದಲ್ಲಿ ಬರೆಯುತ್ತಿದ್ದ ದುಂಡು ಅಕ್ಷರಗಳಲ್ಲಿ ಎಲ್ಲವನ್ನೂ ಬರೆದುಕೊಂಡರು.

ಇಂದಿನ ಮೊಬೈಲು ಜಾಣ. ಅನುಮತಿ ಕೊಟ್ಟರೆ ಚಿತ್ರದೊಳಗೇ ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಗುಟ್ಟಾಗಿ ಬರೆದಿಡುತ್ತದೆ. ದಿನವನ್ನೂ ಗಂಟೆಯನ್ನೂ ನಮೂದಿಸುತ್ತದೆ. ಅಪರಿಚಿತರಿಗೆ ಚಿತ್ರ ಹಂಚುವವರು ಈ ಜಾಣತನದ ವಿಷಯದಲ್ಲಿ ಎಚ್ಚರದಿಂದಿರುವುದು ಲೇಸು. ಪಕ್ಕದ ಮನೆಯ ಅಂಗಳವನ್ನು ತೆಗೆಯುವ ಮುನ್ನ ಅವರನ್ನೊಂದು ಮಾತು ಕೇಳುವುದು ಇನ್ನೂ ಲೇಸು. ಆದರೆ ಇಷ್ಟೆಲ್ಲ ಬಲ್ಲ ಯಂತ್ರಕ್ಕೆ ನಾಲ್ಕನೆಯ ಮೆಟ್ಟಿಲು ಅಲುಗಾಡುತ್ತಿತ್ತೆಂಬುದು ತಿಳಿಯದು. ಅದನ್ನು ಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಹೇಳುವವರಿಲ್ಲದ ಚಿತ್ರ ಒಕ್ಕಣೆಯಿಲ್ಲದ ಕಾರ್ಡಿನಂತೆ. ತಲುಪುತ್ತದೆ, ಆದರೆ ಏನನ್ನೂ ಹೇಳುವುದಿಲ್ಲ.

ಈಗ ರಾಯರ ಚಿತ್ರಗಳಿಗೆ ಮೊದಲಿನ ಮೆಚ್ಚುಗೆಯಿಲ್ಲ. ಬಳಗದ ಕೆಲವರು ಅವರ ಕಣ್ಣು ಮಂದವಾಗಿದೆಯೆಂದು ಭಾವಿಸಿರಲೂಬಹುದು. ಬೀದಿಯ ತಿರುವಿನ ಇಸ್ತ್ರಿ ಗಾಡಿ, ಹಾಲಿನ ಬೂತಿನ ಮುಂದಿನ ಬೆಳಗಿನ ಸಾಲು, ಮಾರ್ಚಿಯ ಕೊನೆಗೆ ಹೊಂಗೆಯ ಹೂವು ಉದುರಿ ಬೆಳ್ಳಗಾದ ಕಾಲುದಾರಿ ಎಲ್ಲವೂ ಗುಡಿಸದೆ ಒರೆಸದೆ ಟೊರಾಂಟೊಕ್ಕೆ ಹೋಗುತ್ತವೆ. ಎದುರಿನ ಹೆಂಚಿನ ಮನೆಯನ್ನು ಕೆಡವಿ ಮಹಡಿಗಳನ್ನು ಎಬ್ಬಿಸುವರೆಂಬ ಸುದ್ದಿ ಬಂದ ದಿನ, ಮನೆಯವರ ಒಪ್ಪಿಗೆ ಪಡೆದು, ಅದರ ನಾಲ್ಕು ದಿಕ್ಕಿನ ಚಿತ್ರಗಳನ್ನೂ ಅವರು ತೆಗೆದರು. ಆ ಮನೆಯ ಹಿರಿಯರು ಪ್ರತಿಗಳನ್ನು ಕೇಳಿ ಪಡೆದರು. ಅಲ್ಲಿಯೇ ಹುಟ್ಟಿ ಬೆಳೆದ ಅವರ ಬಳಿ ಆ ಮನೆಯ ಚಿತ್ರ ಒಂದೂ ಇರಲಿಲ್ಲವಂತೆ.

ಅತ್ತಲಿಂದ ವಾರಕ್ಕೊಮ್ಮೆ ಅಡಿಗೆಮನೆಯ ಕಿಟಕಿ ಬರುತ್ತದೆ. ಅದೇ ಬೇಲಿ, ಅದೇ ಡಬ್ಬಿ. ಹಿಮ ಮಾತ್ರ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ಏಪ್ರಿಲಿನ ಒಂದು ಸಂಜೆ ಬಂದ ಚಿತ್ರದಲ್ಲಿ ಹಿತ್ತಿಲು ಒದ್ದೆಯಾಗಿ, ಕಂದಾಗಿ ಕಾಣುತ್ತಿತ್ತು. ಬೇಲಿಯ ಪಕ್ಕದಲ್ಲಿ ಮೂರು ಚಕ್ರದ ಸೈಕಲ್ಲು ಪೂರ್ತಿಯಾಗಿ ಹೊರಗೆ ಬಂದಿತ್ತು. ಕೆಂಪು ಬಣ್ಣದ್ದು, ಅದರ ಮೇಲೊಂದು ಮಗು ಕುಳಿತಿತ್ತು.

ಅಜ್ಜಿ ಕನ್ನಡಕವನ್ನು ಒರೆಸಿಕೊಂಡು ನೋಡಿದರು.

"ನೋಡೋ" ಎಂದರು, "ಹಿಮ ಕರಗಿದರೆ ಅಡಿಯಲ್ಲಿದ್ದದ್ದು ಇದ್ದ ಹಾಗೇ ಸಿಗುತ್ತೆ."

ರಾಯರು ಏನನ್ನೂ ಹೇಳಲಿಲ್ಲ. ಹೊರಗೆ ಬೀದಿದೀಪ ಹೊತ್ತಿಕೊಂಡಿತು.